ಗೇಟು ಮುಚ್ಚಿದ ಮೇಲೆ ಹೊರಡೋಣ

ನಮ್ಮ ಹೊಸಪೇಟೆಯಲ್ಲಿ ಮಳೆ ಆಕಾಶದಿಂದ ಬರುವುದಿಲ್ಲ, ಶಿವಮೊಗ್ಗದಿಂದ ಬರುತ್ತದೆ. ತಲೆಯ ಮೇಲೆ ಬಿಸಿಲು ಕೆಂಡ ಸುರಿಯುತ್ತಿರುತ್ತದೆ, ಓಣಿಯ ನಾಯಿ ನೆರಳು ಹುಡುಕಿಕೊಂಡು ಯಾರದೋ ಸ್ಕೂಟರಿನ ಕೆಳಗೆ ಮಲಗಿರುತ್ತದೆ. ಆದರೂ ತರಕಾರಿ ಮಾರುವವಳಿಂದ ಹಿಡಿದು ಬ್ಯಾಂಕಿನ ಕ್ಯಾಷಿಯರ್ ತನಕ ಎಲ್ಲರೂ "ಈ ಸಲ ಭಾಳ ಮಳಿ ಬಿಡ್ರಿ" ಎನ್ನುತ್ತಿರುತ್ತಾರೆ. ಯಾಕೆಂದರೆ ಡ್ಯಾಮಿನ ಗೇಟು ತೆಗೆದಿರುತ್ತಾರೆ. ಎಲ್ಲೋ ಘಟ್ಟದಲ್ಲಿ ಸುರಿದ ನೀರು ಎರಡು ಮೂರು ದಿನ ಹರಿದು ಬಂದು ನಮ್ಮ ಗೇಟಿನಿಂದ ಧುಮುಕಿತೆಂದರೆ ಅದೇ ನಮಗೆ ಮಳೆಗಾಲ. ಮಿರ್ಚಿ ಮಂಡಕ್ಕಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿ ನೋಡಿ ಬರುತ್ತೇವೆ. ಗೇಟು ಮುಚ್ಚಿದ ದಿನ ಮಳೆಗಾಲ ಮುಗಿಯಿತೆಂದು ಛತ್ರಿಯನ್ನು ಅಟ್ಟಕ್ಕೆ ಹಾಕುತ್ತೇವೆ. ಆ ಛತ್ರಿ ಆ ವರ್ಷ ಒಮ್ಮೆಯಾದರೂ ನೆನೆದಿತ್ತೇ ಎಂದು ಯಾರೂ ಕೇಳುವುದಿಲ್ಲ.

ಇಂಥ ಊರಿನಲ್ಲಿ ನಾನು ಮದುವೆಯಾದದ್ದು ಡ್ಯಾಮಿನ ಗೇಜ್ ರೀಡರನ್ನು. ನೀರಿನೊಳಗೆ ನಿಲ್ಲಿಸಿದ ಅಳತೆಪಟ್ಟಿ ನೋಡಿ, ನೀರು ಎಷ್ಟು ಅಡಿಗೆ ಬಂದಿದೆ ಎಂದು ಪುಸ್ತಕದಲ್ಲಿ ಬರೆದು, ಮೇಲಿನವರಿಗೆ ಫೋನಿನಲ್ಲಿ ಹೇಳುವುದು ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ಈಗ ನಿವೃತ್ತರಾಗಿದ್ದರೂ ಹಳೆಯ ಜೊತೆಗಾರರು ಪ್ರತಿ ಬೆಳಿಗ್ಗೆ ಮೊಬೈಲಿಗೆ ಒಳಹರಿವು, ಹೊರಹರಿವು ಕಳಿಸುತ್ತಾರೆ. ಅದನ್ನು ಓದಿದ ಮೇಲೆಯೇ ಇವರಿಗೆ ಕಾಫಿ ಇಳಿಯುವುದು. ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಯಾರದಾದರೂ ಮದುವೆಯಿದ್ದರೆ ಶಾಮಿಯಾನದ ಮೇಲೆ ತಗಡು ಹಾಕಿಸಬೇಕೇ ಬೇಡವೇ ಎಂದು ಇವರನ್ನೇ ಕೇಳುತ್ತಾರೆ. ಇವರು ಮೊಬೈಲು ನೋಡಿ, "ಒಳಹರಿವು ಇಳೀತೈತಿ, ತಗಡು ಬ್ಯಾಡ" ಎನ್ನುತ್ತಾರೆ. ನಮ್ಮ ಕಡೆ ಮಳೆ ಬರುವುದೇ ಅಪರೂಪವಾದ್ದರಿಂದ ಇವರ ಮಾತು ಸುಳ್ಳಾಗುವುದೂ ಅಪರೂಪ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನಾನೂ ಇದನ್ನೊಂದು ಶಾಸ್ತ್ರ ಎಂದೇ ನಂಬಿಕೊಂಡಿದ್ದೆ.

ಹೋದ ವರ್ಷ ಆಗಸ್ಟಿನಲ್ಲಿ ನನ್ನ ಎಡ ಮೊಣಕಾಲು ಕೈಕೊಟ್ಟಿತು. ಬಳ್ಳಾರಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ದೀಪಾವಳಿ ಆದ ಮೇಲೆ ಕೀಲು ಬದಲಾಯಿಸೋಣ ಎಂದರು. ಆಮೇಲೆ ಮನೆ, ಶಾಲೆ, ಪೇಟೆ ಎಂದು ಆರಾಮಾಗಿ ಓಡಾಡಬಹುದಂತೆ. ಬೆಟ್ಟಗುಡ್ಡ ಮಾತ್ರ ಮರೆತುಬಿಡಬೇಕಂತೆ.

"ಅದಕ್ಕೂ ಮುಂಚೆ ಹತ್ತಬಹುದೇ?" ಎಂದು ಕೇಳಿದೆ.

ಅವರು ಕನ್ನಡಕದ ಮೇಲಿನಿಂದ ನೋಡಿದರು. "ಪಟ್ಟಿ ಕಟ್ಟಿಕೊಂಡು ನಿಧಾನ ನಡೆದರೆ ನೋವಾಗುತ್ತದೆ ಅಷ್ಟೆ. ಕೆಡಬೇಕಾದ್ದು ಆಗಲೇ ಕೆಟ್ಟಿದೆ. ಬೀಳಬೇಡಿ."

ನಾನು ಆ ಮಾತನ್ನು ಅನುಮತಿ ಎಂದು ತಿಳಿದುಕೊಂಡೆ. ನಮ್ಮ ಮನೆಯ ಮಾಳಿಗೆಯಿಂದ ನೋಡಿದರೆ ಜಂಬುನಾಥನ ಗುಡ್ಡದ ಹಿಂದೆ ಸಂಡೂರಿನ ಬೆಟ್ಟಗಳ ಸಾಲು ಕಾಣುತ್ತದೆ. ಮದುವೆಯಾಗಿ ಬಂದ ದಿನದಿಂದ ಬಟ್ಟೆ ಒಣಹಾಕುತ್ತಾ ಆ ಸಾಲನ್ನು ನೋಡಿದ್ದೇನೆ. ಹೋದದ್ದು ಮಾತ್ರ ಎರಡೋ ಮೂರೋ ಸಲ, ಅದೂ ಕಾರಿನಲ್ಲಿ, ಗಂಡನ ಕಡೆಯವರ ನಡುವೆ ಒತ್ತಿಕೊಂಡು, ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ ಇಟ್ಟುಕೊಂಡು. ಕಾಲ್ನಡಿಗೆಯಲ್ಲಿ ಒಂದು ದಿನವೂ ಹೋಗಿಲ್ಲ. ನೆಂಟರ ಮನೆ ಬಿಟ್ಟು ಹೊರಗೆ ಒಂದು ರಾತ್ರಿಯೂ ಮಲಗಿದವಳಲ್ಲ. ಐವತ್ತೈದು ವರ್ಷಕ್ಕೆ ಇದನ್ನೊಂದು ಆಸೆ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಆದರೂ ಹೇಳಿದೆ. ದೀಪಾವಳಿಯೊಳಗೆ ಸಂಡೂರಿನ ಕಾಡಿನಲ್ಲಿ ಮೂರು ದಿನ ನಡೆಯಬೇಕು ಎಂದೆ.

"ದೂರದ ಬೆಟ್ಟ ನುಣ್ಣಗ" ಎಂದರು ಮನೆಯವರು.

"ನುಣ್ಣಗೈತೋ ಒರಟೈತೋ ಮುಟ್ಟಿ ನೋಡಿ ಬರ್ತೀನಿ. ನೀವು ಮನ್ಯಾಗ ಮೊಬೈಲು ನೋಡ್ಕಂತ ಕುಂದ್ರಿ."

ಒಬ್ಬಳನ್ನೇ ಕಳಿಸುವುದುಂಟೇ? ತಾವೂ ಬರುತ್ತೇನೆ ಎಂದರು. ಗಣಿಯಲ್ಲಿ ಡಂಪರ್ ಓಡಿಸುತ್ತಿದ್ದು ಈಗ ಅರಣ್ಯದವರ ಅನುಮತಿ ಪಡೆದು ಜನರನ್ನು ಕಾಡಿನಲ್ಲಿ ನಡೆಸುವ ಸಂಡೂರಿನ ಒಬ್ಬರ ನಂಬರು ನನ್ನ ಜೊತೆಯ ಟೀಚರಿಂದ ಸಿಕ್ಕಿತು. ಆ ಮಾರ್ಗದರ್ಶಿ ಫೋನಿನಲ್ಲಿ ಹೇಳಿದ್ದು ಎರಡೇ ಮಾತು. ಒಬ್ಬರಿಗೆ ಎಂಟು ಕಿಲೋಗಿಂತ ಹೆಚ್ಚು ಹೊರೆ ಬ್ಯಾಡ. ಮತ್ತೆ, "ಬಿಸಿಲಿಗೂ ರೆಡಿ ಬರ್ರಿ, ಮಳಿಗೂ ರೆಡಿ ಬರ್ರಿ, ಚಳಿಗೂ ರೆಡಿ ಬರ್ರಿ. ನಮ್ಮ ಗುಡ್ಡದಾಗ ಮೂರೂ ಒಂದ ದಿನ ಬರ್ತಾವ. ಯಾವತ್ತು ಅಂತ ನೀವ ಹೇಳ್ರಿ."

ಯಾವತ್ತು ಎಂದು ಹೇಳುವ ಜವಾಬ್ದಾರಿಯನ್ನು ಮನೆಯವರು ಸಂತೋಷದಿಂದ ವಹಿಸಿಕೊಂಡರು. ಆ ಸಂತೋಷವನ್ನು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ತಯಾರಿ ಶುರುವಾಯಿತು. ಮನೆಯವರು ಒಂದು ಹೊಸ ರಿಜಿಸ್ಟರ್ ತಂದು ಗೆರೆ ಎಳೆದರು. ಮೂರು ದಿನದ ನಡಿಗೆಗೆ ಮೂರು ಟಾರ್ಚು, ಒಂದು ಕೆಟ್ಟರೆ ಇರಲಿ ಎಂದು ಇನ್ನೊಂದು. ಹಾವಿಗೆ ಬೆಳ್ಳುಳ್ಳಿ, ಕರಡಿಗೆ ಸೀಟಿ. ಕರಡಿ ಸೀಟಿ ಕೇಳಿ ಓಡುತ್ತದೋ, ಯಾರು ಕರೆದರೆಂದು ಬರುತ್ತದೋ ಎಂದು ಕೇಳಿದರೆ ರಿಜಿಸ್ಟರಿನಲ್ಲಿ ಇನ್ನೊಂದು ಸೀಟಿ ಬರೆದುಕೊಂಡರು. ಶೂ ಕೊಳ್ಳಲು ಪೇಟೆಗೆ ಹೋದೆವು. ಅಂಗಡಿಯವನು ನನ್ನ ಸೀರೆ ನೋಡಿ, ವಯಸ್ಸು ನೋಡಿ, "ಶುಗರಿಗೇನ್ರಿ?" ಎಂದು ಮೆತ್ತನೆಯ ಚಪ್ಪಲಿ ಮುಂದಿಟ್ಟ. ಬೆಟ್ಟ ಹತ್ತಲಿಕ್ಕೆ ಎಂದಾಗ ಅಪ್ಪನನ್ನೂ ಮಗನನ್ನೂ ಕರೆದು ಮೂವರೂ ನಿಂತು ನೋಡಿದರು. ಕೊನೆಗೆ ದೋಣಿಮಲೈ ಗಣಿಗೆ ದಿನಾ ಸ್ಟಾಫ್ ಬಸ್ಸಿನಲ್ಲಿ ಹೋಗುವ ಪಕ್ಕದ ಮನೆಯವರು, ತಮ್ಮದೇ ಒಂದು ಹಳೆಯ ಜೋಡಿ ಗಣಿ ಶೂ ತಂದುಕೊಟ್ಟರು. ಮೂತಿಗೆ ಕಬ್ಬಿಣ ಇರುವ ಶೂ. "ಮ್ಯಾಲಿಂದ ಕಲ್ಲು ಬಿದ್ರೂ ಏನೂ ಆಗಂಗಿಲ್ಲ ಅಕ್ಕಾರೆ" ಎಂದರು. ಅದನ್ನು ಹಾಕಿಕೊಂಡು ಮೂರು ಹೆಜ್ಜೆ ಇಟ್ಟೆ. ಕಲ್ಲು ಮೇಲಿನಿಂದ ಬೀಳುವ ಅಗತ್ಯವೇ ಇರಲಿಲ್ಲ, ಕಾಲಿಗೆ ಕಟ್ಟಿಯೇ ಇತ್ತು. ಧನ್ಯವಾದ ಹೇಳಿ ಹಿಂದಕ್ಕೆ ಕೊಟ್ಟು, ಮಾರನೆಯ ದಿನ ಬೇರೆ ಅಂಗಡಿಯಲ್ಲಿ ಹುಡುಗರ ಕ್ರೀಡಾ ಶೂ ಕೊಂಡೆ.

ಅಭ್ಯಾಸಕ್ಕೆ ಹಂಪಿ. ಭಾನುವಾರ ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿದು ಹೋಗಿ ಮಾತಂಗ ಪರ್ವತ ಹತ್ತುವುದೆಂದು ನಿರ್ಧಾರವಾಯಿತು. ಬೆನ್ನಿಗೆ ಭಾರ ಬೇಕಲ್ಲ, ಎರಡು ಚೀಲಗಳಲ್ಲಿ ಅಕ್ಕಿ ತುಂಬಿದೆವು. ಅರ್ಧ ದಾರಿಗೆ ಮನೆಯವರು ಬಂಡೆಯ ಮೇಲೆ ಕೂತು, "ಅಕ್ಕಿ ಇಲ್ಲೇ ಅನ್ನ ಮಾಡಿ ಉಂಡು ಹೋಗೋಣೇನು?" ಎಂದರು. ನಾನು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು, ಹಸುಗೂಸಿನ ಹಾಗೆ ಹತ್ತಿದೆ. ತುದಿ ತಲುಪಿದಾಗ ಸೂರ್ಯ ಹುಟ್ಟಿ ಬಹಳ ಹೊತ್ತಾಗಿತ್ತು, ಸೂರ್ಯೋದಯ ನೋಡಲು ಬಂದವರೆಲ್ಲ ಇಳಿದು ಹೋಗುತ್ತಿದ್ದರು. ಬೆನ್ನ ಮೇಲಿನ ಚೀಲ, ಕೈಯಲ್ಲಿನ ಕೋಲು ನೋಡಿ ಒಬ್ಬ ಪ್ರವಾಸಿ, "ಅಮ್ಮಾ, ಮಜ್ಜಿಗೆ ಇದೆಯಾ?" ಎಂದು ಕೇಳಿದ. ನನಗೆ ಅವಮಾನವಾಗಲಿಲ್ಲ. ಇಷ್ಟು ಎತ್ತರಕ್ಕೆ ಮಜ್ಜಿಗೆ ಹೊತ್ತು ತರಬಲ್ಲವಳು ಎಂದು ಒಬ್ಬರಾದರೂ ನಂಬಿದರಲ್ಲ ಎಂದು ಖುಷಿಯಾಯಿತು. ಮೊಣಕಾಲು ಎರಡು ದಿನ ಬಾತುಕೊಂಡಿತ್ತು. ಅದನ್ನು ಮನೆಯವರಿಗೆ ಕಾಣದಂತೆ ಸೀರೆಯೊಳಗೆ ಮುಚ್ಚಿಕೊಂಡು ಓಡಾಡಿದೆ. ಆದರೆ ಮೂರನೆಯ ದಿನ ಬೆಳಿಗ್ಗೆ ಹಾಸಿಗೆಯ ಪಕ್ಕ ಎಣ್ಣೆಯ ಬಟ್ಟಲು ಬಿಸಿಯಾಗಿ ಬಂದು ಕೂತಿತ್ತು.

ಇನ್ನು ಕಂಪ್ಲಿ. ಡ್ಯಾಮಿನಿಂದ ಕೆಳಗೆ ಹೊಳೆಯ ದಂಡೆಯ ಮೇಲಿರುವ ಆ ಊರಿನಲ್ಲಿ ನನ್ನ ನಾದಿನಿ ಇದ್ದಾಳೆ. ಮಳೆಗೆ ಹೊದಿಕೆ ಬೇಕು ಎಂಬುದನ್ನು ಅಣ್ಣನ ಬಾಯಿಂದ ಕೇಳಿದ್ದೇ ತಡ, ಹರಿಗೋಲು ಮಾಡುವವರ ಹತ್ತಿರ ಹೋಗಿ, ಹರಿಗೋಲಿನ ತಳಕ್ಕೆ ಹಾಕುವ ಹಾಳೆಯನ್ನೇ ಇಬ್ಬರ ಅಳತೆಗೆ ಹೊಲಿಸಿ, ಡಾಂಬರು ಬಳಿಸಿ ಇಟ್ಟಿದ್ದಳು. "ತುಂಬಿದ ಹೊಳಿ ಒಳಗ ಒಂದು ಹನಿ ಬಿಡಂಗಿಲ್ಲ, ಮಳಿ ಯಾವ ಲೆಕ್ಕ ವೈನಿ" ಎಂದಳು. ಮಾತು ನಿಜ. ಒಂದು ಹನಿ ಗಾಳಿಯನ್ನೂ ಅದು ಬಿಡುತ್ತಿರಲಿಲ್ಲ. ಅದರ ಜೊತೆ ಒಂದು ಡಬ್ಬಿ ಕರ್ಚಿಕಾಯಿ, ಶೇಂಗಾ ಹಿಂಡಿ, ಐವತ್ತು ಖಡಕ್ ರೊಟ್ಟಿ, ಉಪ್ಪಿನಕಾಯಿಯ ಗಾಜಿನ ಭರಣಿ. ಪಕ್ಕದ ಅಕ್ಕಿ ಅಂಗಡಿಯ ತಕ್ಕಡಿಯ ಮೇಲೆ ಚೀಲ ಇಟ್ಟರೆ ಹದಿನೇಳು ಕಿಲೋ. ನಾದಿನಿ ತಕ್ಕಡಿಯನ್ನೇ ಬೈದಳು. ಏನು ಕಡಿಮೆ ಮಾಡೋಣ ಎಂದು ನಾವು ಜಗಳವಾಡಿ, ಕೊನೆಗೆ ಮನೆಯವರು ತಮ್ಮ ಒಂದು ಜೊತೆ ಕಾಲುಚೀಲ ಹೊರಗೆ ತೆಗೆದಿಟ್ಟರು.

ಹೊರಡುವ ದಿನ ಸೆಪ್ಟೆಂಬರಿನ ಕೊನೆಗೆ ನಿಗದಿಯಾಗಿತ್ತು. ಅದರ ಹಿಂದಿನ ದಿನ ಮನೆಯವರು ಮೊಬೈಲು ನೋಡಿ ತಲೆ ಅಲ್ಲಾಡಿಸಿದರು.

"ಗೇಟು ತೆಗದಾರ. ಒಳಹರಿವು ಭಾಳ ಐತಿ. ಇಂಥಾದ್ರಾಗ ಕಾಡು ಬ್ಯಾಡ. ಗೇಟು ಮುಚ್ಚಿದ ಮ್ಯಾಲ ಹೊರಡೋಣ."

ನಾನು ಒಪ್ಪಿದೆ. ಯಾರು ಒಪ್ಪುವುದಿಲ್ಲ? ಕಂಪ್ಲಿಯಿಂದ ನಾದಿನಿಯೂ ಫೋನು ಮಾಡಿ, "ನಮ್ಮ ಸೇತುವಿ ಮುಳುಗೈತಿ, ಬಸ್ಸು ನಿಂತಾವ, ಎಂಥಾ ಮಳಿ ಅಂತೀನಿ" ಎಂದಳು. ಅಲ್ಲಿ ಮಳೆ ಬರುತ್ತಿದೆಯೇ ಎಂದು ಕೇಳಿದ್ದರೆ, ಬಿಸಿಲಿಗೆ ತಲೆಯ ಮೇಲೆ ಸೆರಗು ಹಾಕಿಕೊಂಡೇ ಮಾತಾಡುತ್ತಿದ್ದೇನೆ ಎನ್ನುತ್ತಿದ್ದಳು. ನಾನು ಕೇಳಲಿಲ್ಲ. ಆ ವಾರ ರಜೆ ಹಾಕಿದ್ದೆನಲ್ಲ, ಸುಮ್ಮನೆ ಕೂರಲಾರದೆ ಮಾಳಿಗೆಯ ಮೇಲೆ ಸಂಡಿಗೆ ಇಟ್ಟೆ. ಎರಡೇ ದಿನಕ್ಕೆ ಗರಿಗರಿಯಾಗಿ ಒಣಗಿತು. ಮಳೆಯ ಕಾರಣಕ್ಕೆ ನಡಿಗೆಯನ್ನು ಮುಂದಕ್ಕೆ ಹಾಕಿದವಳು, ಅದೇ ವಾರ, ಅದೇ ಬೆಟ್ಟವನ್ನು ನೋಡುತ್ತಾ, ಬಿಸಿಲಿಗೆ ಸಂಡಿಗೆ ತಿರುವಿ ಹಾಕುತ್ತಿದ್ದೆ. ಮಕ್ಕಳಿಗೆ ಇಪ್ಪತ್ತೆಂಟು ವರ್ಷ ತರ್ಕ ಕಲಿಸಿದ್ದೇನೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ, ನನಗೆ ಕನ್ನಡಿ ಹಿಡಿದಿದ್ದರೂ ಕಾಣುತ್ತಿರಲಿಲ್ಲ.

ಅಕ್ಟೋಬರಿನ ಮೊದಲ ವಾರ ಇನ್ನೊಂದು ದಿನ ಗೊತ್ತುಮಾಡಿದೆವು. ಆಗಲೂ ಎರಡು ಗೇಟು ತೆರೆದೇ ಇದ್ದವು. ಮತ್ತೆ ಮುಂದಕ್ಕೆ. ದೀಪಾವಳಿ ಹತ್ತಿರ ಬರುತ್ತಿತ್ತು. ಶಾಲೆಯಲ್ಲಿ ಜೊತೆಯವರಿಗೆ ನಾನೇ ನಗುತ್ತಾ ಹೇಳುತ್ತಿದ್ದೆ: ನಮ್ಮ ಮನೆಯವರು ಡ್ಯಾಮಿಗೆ ಕೇಳದೆ ಸ್ನಾನವನ್ನೂ ಮಾಡುವುದಿಲ್ಲ, ಮೂವತ್ತೊಂದು ವರ್ಷ ನೀರು ನೋಡಿ ನೋಡಿ ತಲೆಯಲ್ಲೂ ಅದೇ ತುಂಬಿದೆ. ಎಲ್ಲರೂ ನಗುತ್ತಿದ್ದರು. ಮನೆಗೆ ಬಂದು ಪಟ್ಟಿ ಬಿಚ್ಚಿ ಮೊಣಕಾಲು ನೋಡಿಕೊಂಡರೆ ಮಾತ್ರ ನಗು ಬರುತ್ತಿರಲಿಲ್ಲ. ದಿನ ಕಳೆದಂತೆ ಅದು ಮಡಿಚುವುದು ಕಡಿಮೆಯಾಗುತ್ತಿತ್ತು. ಈ ಸಲ ಆಗದಿದ್ದರೆ ಇನ್ನೆಂದೂ ಆಗದು ಎಂಬುದು ನನಗೆ ಗೊತ್ತಿತ್ತು.

ದೀಪಾವಳಿಗೆ ಹದಿನಾರು ದಿನ ಇರುವಾಗ ಎಲ್ಲ ಗೇಟುಗಳೂ ಮುಚ್ಚಿದವು. ಆ ಸುದ್ದಿಯನ್ನು ಇವರ ಬಾಯಿಂದಲ್ಲ, ಹಾಲಿನವಳಿಂದ ಕೇಳಿದೆ. ಇವರ ಮುಂದೆ ಹೋಗಿ ನಿಂತೆ. ಮೊಬೈಲನ್ನು ಬಹಳ ಹೊತ್ತು ತಿಕ್ಕಿದರು.

"ಆತು. ನಾಳೆ" ಎಂದರು.

ಮಾರನೆಯ ದಿನ ನಸುಕಿನಲ್ಲೇ ಸಂಡೂರಿನ ಬಸ್ಸು ಹತ್ತಿದೆವು. ಕರ್ಚಿಕಾಯಿ, ಭರಣಿ, ಎರಡು ಟಾರ್ಚು ಮನೆಯಲ್ಲೇ ಉಳಿದವು. ಹರಿಗೋಲಿನ ಹಾಳೆಯನ್ನು ಬಿಟ್ಟು ಬಂದರೆ ನಾದಿನಿ ಜನ್ಮದಲ್ಲಿ ಮಾತಾಡಿಸುವುದಿಲ್ಲವೆಂದು ಹೊತ್ತುಕೊಂಡೆವು. ಬಸ್ಸು ಊರು ದಾಟುವ ತನಕ ಆಕಾಶ ಸ್ವಚ್ಛವಿತ್ತು. ಸಂಡೂರು ಹತ್ತಿರ ಬಂದಂತೆ ಮೂಡಣದಿಂದ ಮೋಡ ಕವಿದು ಬಂತು. ಮಾರ್ಗದರ್ಶಿ ಹಳ್ಳಿಯ ಕಟ್ಟೆಯ ಹತ್ತಿರ ಕಾಯುತ್ತಿದ್ದರು. ಮನೆಯವರು ಡ್ಯಾಮಿನಲ್ಲಿ ನೀರು ಅಳೆಯುತ್ತಿದ್ದವರೆಂದು ಕೇಳಿ, ಅಲ್ಲಿಂದಲೇ ಸಾಹೇಬ್ರು ಎನ್ನತೊಡಗಿದರು. ಕಾಡಿನ ದಾರಿಯಲ್ಲಿ ಅರ್ಧ ಗಂಟೆ ನಡೆದಿದ್ದೆವೋ ಇಲ್ಲವೋ, ಮಳೆ ಹಿಡಿಯಿತು. ಅಂಥ ಮಳೆಯನ್ನು ನಾನು ಡ್ಯಾಮಿನ ಗೇಟಿನ ಕೆಳಗೆ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಕೆಂಪು ನೀರು ದಾರಿಯ ಮೇಲೆ ನಮಗಿಂತ ಜಲ್ದಿ ಇಳಿಯುತ್ತಿತ್ತು. ಮೂವರೂ ಆ ಡಾಂಬರು ಹಾಳೆಯ ಕೆಳಗೆ ಸೇರಿ, ಬೆವರುತ್ತಾ, ಡಾಂಬರಿನ ವಾಸನೆ ಕುಡಿಯುತ್ತಾ ಒಂದು ಗಂಟೆ ನಿಂತೆವು. ನಾದಿನಿಯ ಹಾಳೆ ಒಂದು ಹನಿಯನ್ನೂ ಬಿಡಲಿಲ್ಲ.

ಮಳೆ ನಿಂತ ಮೇಲೆ ಮುಂದೆ ನಡೆದು ಒಂದು ಹಳ್ಳದ ದಡಕ್ಕೆ ಬಂದೆವು. ಅದನ್ನು ದಾಟಿದರೆ ಬೆಟ್ಟದ ಏರು, ಮೂರು ದಿನದ ದಾರಿ. ದಾಟದಿದ್ದರೆ ಮಧ್ಯಾಹ್ನದ ಬಸ್ಸು. ಹಳ್ಳ ತೊಡೆಯ ಮಟ್ಟ ಹರಿಯುತ್ತಿತ್ತು.

"ಹಿಂದಿನ ತಿಂಗಳ ಬಂದಿದ್ರ ಇಲ್ಲಿ ಪಾದ ಸುದ್ದಾ ನೆನೀತಿದ್ದಿಲ್ಲ" ಎಂದರು ಮಾರ್ಗದರ್ಶಿ. "ಇಡೀ ತಿಂಗಳು ಮಸ್ತ್ ಒಣ ಹವಾ ಇತ್ತು."

"ಗೇಟು ತೆಗೆದಿದ್ರಲ್ಲ" ಎಂದೆ ನಾನು.

ಅವರಿಗೆ ಅರ್ಥವಾಗಲಿಲ್ಲ. "ಯಾವ ಗೇಟ್ರಿ? ಡ್ಯಾಮಿಂದಾ? ಅದಕ್ಕೂ ಇದಕ್ಕೂ ಏನು ಸಂಬಂಧ ಅಕ್ಕಾರೆ? ಈ ನೀರು ಡ್ಯಾಮಿಗೆ ಹೋಗಂಗೇ ಇಲ್ಲ. ನಾರಿಹಳ್ಳಕ್ಕ ಸೇರಿ ದರೋಜಿ ಕೆರಿಗೆ ಹೋಗತೈತಿ. ಸಾಹೇಬ್ರಿಗೆ ಗೊತ್ತಿರತೈತಿ, ಕೇಳ್ರಿ."

ಆಮೇಲೆ ಮನೆಯವರ ಕಡೆ ತಿರುಗಿ, "ನೀರಿನ ಅಳತಿ ನಿಮಗ ಬಿಟ್ಟದ್ದು. ಹನ್ನೆರಡರ ತನಕ ನೋಡ್ರಿ. ಮೊಣಕಾಲಿನ ಕೆಳಗ ಇಳೀತಂದ್ರ ದಾಟೋಣ, ಇಲ್ಲಾಂದ್ರ ತಿರುಗಿ ಹೋಗೋದ. ನಾ ಆ ಕಡೆ ಮರ ಏನರ ಬಿದ್ದಾವೇನು ನೋಡಿ ಬರ್ತೀನಿ" ಎಂದು ಹೇಳಿ ದಡದ ಗುಂಟ ಹೋದರು.

ನಾನು ಮನೆಯವರನ್ನು ನೋಡಿದೆ. ಅವರು ಒಂದು ಕೊಂಬೆ ಮುರಿದು, ಚಾಕುವಿನಿಂದ ಬೆರಳಿಗೊಂದರಂತೆ ಗುರುತು ಕೆತ್ತುತ್ತಿದ್ದರು. ತುಂಗಭದ್ರೆಗೆ ಯಾವ ಹಳ್ಳ ಎಲ್ಲಿ ಸೇರುತ್ತದೆ ಎಂಬುದು ಅವರಿಗೆ ನೆಂಟರ ಮನೆಗಳಿಗಿಂತ ಚೆನ್ನಾಗಿ ಗೊತ್ತು. ಸಂಡೂರಿನ ಮಳೆ ಡ್ಯಾಮಿನ ಅಳತೆಪಟ್ಟಿಯ ಮೇಲೆ ಕಾಣುವುದಿಲ್ಲ ಎಂಬುದು ಗೊತ್ತಿಲ್ಲದೆ ಮೂವತ್ತೊಂದು ವರ್ಷ ಆ ಕೆಲಸ ಮಾಡಲು ಸಾಧ್ಯವೇ? ಇಷ್ಟು ಸಣ್ಣ ಲೆಕ್ಕ ನನಗೆ ಹಳ್ಳದ ದಂಡೆಯ ಮೇಲೆ ಹೊಳೆಯಿತು.

"ಗೊತ್ತಿತ್ತಲ್ಲ ನಿಮಗ?"

"ಗೊತ್ತಿತ್ತು."

"ಮತ್ತ?"

ಕೊಂಬೆಯನ್ನು ದಡದ ಕಲ್ಲುಗಳ ನಡುವೆ ನೀರಿಗೆ ಊರಿದರು. ನನ್ನ ಕಡೆ ನೋಡದೆ ಹೇಳಿದರು: "ಹಂಪಿಯಿಂದ ಬಂದ ರಾತ್ರಿ ನಿದ್ದಿಗಣ್ಣಾಗ ನರಳಿದಿ ನೀನು. ಗುಡ್ಡದಾಗ ಬಿದ್ದು ಇನ್ನೂ ಕೆಟ್ಟರ ಏನು ಮಾಡೋದು? ಬ್ಯಾಡ ಅಂದ್ರ ಕೇಳಾಕಿ ಅಲ್ಲ. ದೀಪಾವಳಿ ತನಕ ಹೆಂಗಾರ ತಳ್ಳಿದ್ರ ಆತು ಅಂದ್ಕಂಡೆ."

ನನಗೆ ಅಳು ಬಂತು, ಸಿಟ್ಟಿನ ಅಳು. ಒಣ ಹವೆಯ ಇಡೀ ತಿಂಗಳನ್ನು ಈ ಮನುಷ್ಯ ನನ್ನಿಂದ ಕಸಿದುಕೊಂಡಿದ್ದರು. ಎದುರಿಗೆ ಬೇಡ ಎಂದಿದ್ದರೆ ಜಗಳವಾಡಿ ಗೆಲ್ಲುತ್ತಿದ್ದೆ, ಅದು ಗೊತ್ತಿದ್ದೇ ಡ್ಯಾಮನ್ನು ನಡುವೆ ತಂದಿದ್ದರು. ಆ ಸಿಟ್ಟಿನೊಳಗೇ ನಾಚಿಕೆಯೂ ಆಯಿತು. ನಾನು ಊರೆಲ್ಲ ಪೆದ್ದ ಎಂದು ಆಡಿಕೊಂಡು ನಕ್ಕದ್ದು ಇವರನ್ನು. ಪೆದ್ದಿ ಯಾರು ಎಂಬುದು ಹಳ್ಳದ ದಂಡೆಯಲ್ಲಿ ಬೇರೆಯವರಿಲ್ಲದಿದ್ದುದರಿಂದ ನನಗೊಬ್ಬಳಿಗೇ ಗೊತ್ತಾಯಿತು. ಒದ್ದೆ ಬಂಡೆಯ ಮೇಲೆ ಬೆನ್ನು ತಿರುಗಿಸಿ ಕೂತೆ.

ಅವರು ಪ್ರತಿ ಕಾಲು ಗಂಟೆಗೊಮ್ಮೆ ಬಗ್ಗಿ ಕೊಂಬೆ ನೋಡುತ್ತಿದ್ದರು. ನನ್ನ ಕನ್ನಡಕ ಮಬ್ಬಾಗಿತ್ತು, ಒರೆಸಲು ಒಣಬಟ್ಟೆ ಇರಲಿಲ್ಲ. ಆ ಗುರುತುಗಳು ನನಗೆ ಕಾಣುತ್ತಿರಲಿಲ್ಲ. ಕೆಂಪು ನೀರಿನ ಆಳ ನೋಡಿ ಹೇಳುವುದು ನನ್ನಿಂದ ಆಗದು. ಇವರು ಇಳಿದಿಲ್ಲ ಎಂದರೆ ಇಳಿದಿಲ್ಲ. ಮಾರ್ಗದರ್ಶಿ ಕೂಡ ಇವರ ಮಾತಿನ ಮೇಲೆಯೇ ನಡೆಯುವವರು. ಒಂದು ಸುಳ್ಳು ಹೇಳಿದರೆ ಮಧ್ಯಾಹ್ನದ ಬಸ್ಸು, ಮನೆ, ದೀಪಾವಳಿ, ಆಪರೇಷನ್. ಎರಡು ತಿಂಗಳಿಂದ ಇವರು ಹುಡುಕುತ್ತಿದ್ದದ್ದು ಅದನ್ನೇ, ಈಗ ತಾನಾಗಿ ಕಾಲ ಬುಡಕ್ಕೆ ಬಂದಿತ್ತು.

ಹನ್ನೆರಡಕ್ಕೆ ಮಾರ್ಗದರ್ಶಿ ತಿರುಗಿ ಬಂದರು. "ಏನಾತ್ರಿ ಸಾಹೇಬ್ರ?"

ಮನೆಯವರು ನೀರಿನ ಅಂಚಿಗೆ ಹೋಗಿ ಕುಕ್ಕರಗಾಲಿನಲ್ಲಿ ಕೂತರು. ಒಂದು ಸಲ ಓದಿದರು. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ಓದಿದರು. ಕೂತಲ್ಲಿಂದಲೇ ನನ್ನ ಕಾಲಿನ ಪಟ್ಟಿಯನ್ನು ನೋಡಿದರು. ಬೇಡಿಕೊಳ್ಳಬಾರದೆಂದು ಹಲ್ಲು ಕಚ್ಚಿ ಹಿಡಿದಿದ್ದೆ.

"ಇಳದೈತಿ" ಎಂದರು. "ಮೊಣಕಾಲಿಗಿಂತ ನಾಕು ಬೆರಳು ಕೆಳಗ."

ಮಾರ್ಗದರ್ಶಿ ಚೀಲ ಎತ್ತಿಕೊಂಡು ಮುಂದೆ ನಡೆದರು. ಇವರು ಪ್ಯಾಂಟು ಮಡಿಚಿ ನನಗಿಂತ ಮೊದಲು ನೀರಿಗೆ ಇಳಿದು, ಹರಿವು ಬರುವ ಕಡೆಗೆ ಅಡ್ಡ ನಿಂತು ಕೈ ಚಾಚಿದರು.

"ಎಡಗಾಲಿನ ಮ್ಯಾಲ ಭಾರ ಬಿಡಬ್ಯಾಡ" ಎಂದರು. "ನನ್ನ ಮ್ಯಾಲ ಬಿಡು."